ತಿಪ್ಪೆಯಿಂದ ಗಾಜಿನ ಪೆಟ್ಟಿಗೆಗೆ

1983ರ ಸೆಪ್ಟೆಂಬರ್ ತಿಂಗಳಲ್ಲಿ ಅಮೆರಿಕದ ಎಲ್ ಪಾಸೊ ನಗರದಿಂದ ಹೊರಟ ಲಾರಿಗಳ ಸಾಲೊಂದು ನ್ಯೂ ಮೆಕ್ಸಿಕೊ ರಾಜ್ಯದ ಅಲಮೊಗಾರ್ಡೊ ಎಂಬ ಮರುಭೂಮಿಯ ಊರಿಗೆ ಬಂದು, ಅಲ್ಲಿನ ಕಸದ ಗುಂಡಿಯಲ್ಲಿ ತನ್ನ ಹೊರೆಯನ್ನು ಸುರಿಯಿತು. ಸುರಿದದ್ದು ಅಟಾರಿ ಕಂಪನಿಯ ವಿಡಿಯೊ ಗೇಮ್ ಕಾರ್ಟ್ರಿಜ್‌ಗಳನ್ನು. ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿ, ಅದರೊಳಗೊಂದು ಆಟ, ಟಿ.ವಿ.ಗೆ ಜೋಡಿಸಿದ ಯಂತ್ರಕ್ಕೆ ಸಿಕ್ಕಿಸಿದರೆ ಆಟ ಪರದೆಯ ಮೇಲೆ ಮೂಡುತ್ತಿತ್ತು. ಬೇಡಿಕೆಯ ಅಂದಾಜು ತಪ್ಪಿ ಮಿತಿಮೀರಿ ತಯಾರಿಸಿದ್ದ ಕಂಪನಿಗೆ, ಮಾರಾಟವಾಗದ ಸರಕನ್ನು ಇಟ್ಟುಕೊಳ್ಳುವುದಕ್ಕಿಂತ ಹೂಳುವುದೇ ಲೇಸೆನಿಸಿತು. ಊರ ಹುಡುಗರು ಗುಂಡಿಗಿಳಿದು ಹೆಕ್ಕತೊಡಗಿದಾಗ ಮೇಲೆ ಕಾಂಕ್ರೀಟು ಹೊಯ್ದರು. 2014ರ ಏಪ್ರಿಲಿನಲ್ಲಿ ಅದೇ ಗುಂಡಿಯನ್ನು ಯಂತ್ರಗಳಿಂದ ಬಗೆಯಲಾಯಿತು. ಏಳು ಲಕ್ಷಕ್ಕೂ ಮಿಗಿಲಾಗಿ ಹೂತಿದ್ದೆವೆಂದು ಕಂಪನಿಯ ಹಿಂದಿನ ಅಧಿಕಾರಿಯೊಬ್ಬರು ಹೇಳಿದ್ದರು. ಮೇಲೆ ಬಂದದ್ದು ಸುಮಾರು 1,300. ಅವುಗಳಲ್ಲಿ ‘ಇ.ಟಿ.’ ಎಂಬ ಆಟದ ಒಂದು ಪ್ರತಿ ಸ್ಮಿತ್‌ಸೋನಿಯನ್ ಸಂಗ್ರಹಾಲಯವನ್ನು ಸೇರಿತು. 880ರಷ್ಟು ಪ್ರತಿಗಳು ಹರಾಜಾಗಿ ಒಟ್ಟು ಒಂದು ಲಕ್ಷ ಡಾಲರಿಗೂ ಹೆಚ್ಚಿನ ಹಣ ತಂದವು.

ಕೃಷಿ ವಿಜ್ಞಾನದ ವಿದ್ಯಾರ್ಥಿಗಳಿಗೆ ಅಲಮೊಗಾರ್ಡೊ ಎಂಬ ಹೆಸರು ಬೇರೆ ಕಾರಣಕ್ಕೆ ಪರಿಚಿತ. 1969ರಲ್ಲಿ, ಪಾದರಸಯುಕ್ತ ಶಿಲೀಂಧ್ರನಾಶಕ ಲೇಪಿಸಿದ ಬಿತ್ತನೆ ಧಾನ್ಯವನ್ನು ತಿಂದು ಬೆಳೆದ ಹಂದಿಯ ಮಾಂಸವನ್ನುಂಡು ಅಲ್ಲಿನ ಕುಟುಂಬವೊಂದರ ಮಕ್ಕಳು ನರಮಂಡಲದ ತೀವ್ರ ಹಾನಿಗೊಳಗಾದರು. ಮರುವರ್ಷವೇ ಅಮೆರಿಕದಲ್ಲಿ ಅಂಥ ಬೀಜೋಪಚಾರದ ಔಷಧಿಗಳಿಗೆ ತಡೆ ಬಿತ್ತು. ಕಾರ್ಟ್ರಿಜ್‌ಗಳಿಗಾಗಿ ಗುಂಡಿ ಬಗೆಯಲು ಪರಿಸರ ಇಲಾಖೆಯ ಅನುಮತಿ ಕೇಳಿದಾಗ ಸುದ್ದಿಯಾದ ಆತಂಕಗಳಲ್ಲಿ, ಅಲ್ಲಿ ಹೂತಿದ್ದ ಪಾದರಸದ ಹಂದಿಗಳೂ ಇದ್ದವು. ಒಂದೇ ತಿಪ್ಪೆಯಲ್ಲಿ ವಿಷವೂ ನೆನಪೂ ಪಕ್ಕಪಕ್ಕದಲ್ಲಿ ಮಲಗಿದ್ದವು; ಅಗೆಯುವ ಕೈಗಳು ಹುಡುಕಿದ್ದು ಎರಡನೆಯದನ್ನು ಮಾತ್ರ.

ಹಳೆಯ ವಿಡಿಯೊ ಗೇಮ್ ಕಾರ್ಟ್ರಿಜ್‌ಗಳನ್ನು ಸಂಗ್ರಹಿಸುವ ಹವ್ಯಾಸ ಇಂದು ಅಮೆರಿಕ, ಜಪಾನ್, ಯೂರೋಪುಗಳಲ್ಲಿ ದೊಡ್ಡ ವಹಿವಾಟಾಗಿ ಬೆಳೆದಿದೆ. ಪರಿಸರದ ಬಗೆಗೆ ಯೋಚಿಸುವವರು ಇದನ್ನು ಉಳ್ಳವರ ಕೊಳ್ಳುಬಾಕತನದ ಇನ್ನೊಂದು ಮುಖವೆಂದು ಬದಿಗೆ ಸರಿಸಿಬಿಡುವುದು ಸುಲಭ. ನನಗೆ ಹಾಗೆನಿಸುವುದಿಲ್ಲ. ಈ ಹವ್ಯಾಸದೊಳಗೆ ಪರಸ್ಪರ ವಿರುದ್ಧವಾದ ಎರಡು ಪ್ರವೃತ್ತಿಗಳಿವೆ. ಒಂದು, ವಸ್ತುವನ್ನು ಬಿಚ್ಚಿ, ತೊಳೆದು, ಬೆಸೆದು, ಮತ್ತೆ ನಡೆಯುವಂತೆ ಮಾಡುವುದು. ಇನ್ನೊಂದು, ಅದನ್ನು ಯಾರೂ ಎಂದೂ ಮುಟ್ಟದಂತೆ ಮುಚ್ಚಿಡುವುದು. ಮೊದಲನೆಯದು ನಮ್ಮ ಕಾಲಕ್ಕೆ ತೀರ ಅಗತ್ಯವಾದ ವಿದ್ಯೆ. ಎರಡನೆಯದು ತಿಪ್ಪೆಗೆ ಎಸೆಯುವುದರ ಇನ್ನೊಂದು ರೂಪವಷ್ಟೇ.

ಕಾರ್ಟ್ರಿಜ್ ಹುಟ್ಟಿದ ಬಗೆಯನ್ನು ಮೊದಲು ನೋಡೋಣ. ಮನೆಯಲ್ಲಾಡುವ ಆರಂಭದ ಯಂತ್ರಗಳಲ್ಲಿ ಆಟಗಳು ಯಂತ್ರದೊಳಗೇ ಬೆಸೆದುಕೊಂಡಿರುತ್ತಿದ್ದವು. ಆಟ ಬೇಸರವಾದರೆ ಯಂತ್ರವನ್ನೇ ಬದಲಿಸಬೇಕು. 1976ರಲ್ಲಿ ಅಮೆರಿಕದ ಫೇರ್‌ಚೈಲ್ಡ್ ಕಂಪನಿ ತಂದ ‘ಚಾನೆಲ್ ಎಫ್’ ಈ ಕಟ್ಟನ್ನು ಮುರಿಯಿತು. ಅದರ ಹಿಂದಿದ್ದವರು ಜೆರಿ ಲಾಸನ್ ಎಂಬ ಕಪ್ಪು ಜನಾಂಗದ ಎಂಜಿನಿಯರ್ ಮತ್ತು ಅವರ ತಂಡ. ಯಂತ್ರ ಒಂದೇ, ಆಟ ಮಾತ್ರ ಬೇರೆ ಬೇರೆ ಡಬ್ಬಿಗಳಲ್ಲಿ. ಇಡೀ ಉಪಕರಣವನ್ನು ಎಸೆಯದೆ ಅದರ ಒಂದು ತುಣುಕನ್ನಷ್ಟೇ ಬದಲಿಸುವುದು ಮೂಲತಃ ಮಿತವ್ಯಯದ ಆಲೋಚನೆ. ಮುಂದೆ ಅದನ್ನು ಅತಿ ಉತ್ಪಾದನೆಯ ಸಾಧನವಾಗಿಸಿದ್ದು ಮಾರುಕಟ್ಟೆ.

ಡಬ್ಬಿಯೊಳಗಿನ ರಚನೆಯೂ ಗಮನಾರ್ಹ. ಒಂದು ಹಸಿರು ಹಲಗೆ, ಅದರ ಮೇಲೆ ಒಂದೆರಡು ಚಿಪ್‌ಗಳು, ಅಂಚಿನಲ್ಲಿ ಚಿನ್ನದ ತೆಳುಲೇಪವಿರುವ ತಾಮ್ರದ ಹಲ್ಲುಗಳು. ಆಟದ ಮಾಹಿತಿಯನ್ನು ಚಿಪ್ ತಯಾರಾಗುವಾಗಲೇ ಅದರ ರಚನೆಯಲ್ಲಿ ಅಚ್ಚೊತ್ತಿರುತ್ತಾರೆ. ವಿದ್ಯುತ್ತಿಲ್ಲದಿದ್ದರೂ, ದಶಕಗಳು ಉರುಳಿದರೂ ಅದು ಅಳಿಸುವುದಿಲ್ಲ. ‘ಇ.ಟಿ.’ ಆಟದ ಗಾತ್ರ ಕೇವಲ 8 ಕಿಲೊಬೈಟ್. ಈ ಲೇಖನವನ್ನು ಗಣಕಯಂತ್ರದಲ್ಲಿ ಉಳಿಸಲು ಅದಕ್ಕಿಂತ ಹೆಚ್ಚಿನ ಜಾಗ ಬೇಕು. 1985ರ ‘ಸೂಪರ್ ಮಾರಿಯೊ ಬ್ರದರ್ಸ್’ ಇಡೀ ಲೋಕ 40 ಕಿಲೊಬೈಟ್‌ಗಳಲ್ಲಿ ಅಡಗಿದೆ. ಎಷ್ಟು ಕಡಿಮೆಯಲ್ಲಿ ಎಷ್ಟು ಸಾಧ್ಯ ಎಂಬುದಕ್ಕೆ ಇಂಥ ನಿದರ್ಶನಗಳು ಅಪರೂಪ.

ಆದರೂ ಇವು ಸಾಯುತ್ತವೆ. ನಿಂಟೆಂಡೊ ಕಂಪನಿಯ ‘ದಿ ಲೆಜೆಂಡ್ ಆಫ್ ಜೆಲ್ಡಾ’ 1987ರಲ್ಲಿ ಅಮೆರಿಕಕ್ಕೆ ಚಿನ್ನದ ಬಣ್ಣದ ಕಾರ್ಟ್ರಿಜ್ ಆಗಿ ಬಂದಾಗ, ಆಟಗಾರ ಎಲ್ಲಿಯವರೆಗೆ ತಲುಪಿದ್ದಾನೆಂಬುದನ್ನು ನೆನಪಿಡಲು ಅದರೊಳಗೆ ನಾಣ್ಯದಾಕಾರದ ಲಿಥಿಯಂ ಬ್ಯಾಟರಿಯೊಂದಿತ್ತು. ಅಂಥ ಬ್ಯಾಟರಿಯ ಆಯುಷ್ಯ ಹದಿನೈದಿಪ್ಪತ್ತು ವರ್ಷ, ಅದೃಷ್ಟವಿದ್ದರೆ ಇನ್ನೂ ಕೆಲವು. 1999ರ ‘ಪೋಕೆಮಾನ್’ ಗೋಲ್ಡ್ ಮತ್ತು ಸಿಲ್ವರ್ ಆಟಗಳಲ್ಲಿ ಅದೇ ಬ್ಯಾಟರಿ ಗಡಿಯಾರವನ್ನೂ ನಡೆಸಬೇಕಾದ್ದರಿಂದ ಬೇಗನೆ ಬರಿದಾಗುತ್ತದೆ. ಬ್ಯಾಟರಿ ಸತ್ತರೆ ಆಟ ಉಳಿಯುತ್ತದೆ, ಆಡಿದವನ ಗುರುತು ಅಳಿಸಿಹೋಗುತ್ತದೆ. ಬಿಡುಗಡೆಯಾಗದೆ ಉಳಿದ ಆಟಗಳ ಪ್ರಾಯೋಗಿಕ ಪ್ರತಿಗಳ ಸ್ಥಿತಿ ಇನ್ನೂ ಗಂಭೀರ. ಅವನ್ನು ಅತಿನೇರಳೆ ಬೆಳಕಿನಿಂದ ಅಳಿಸಬಹುದಾದ ಚಿಪ್‌ಗಳಲ್ಲಿ ಬರೆದಿರುತ್ತಿದ್ದರು. ಅವುಗಳೊಳಗಿನ ವಿದ್ಯುದಂಶ ದಶಕಗಳಲ್ಲಿ ತಾನಾಗಿಯೇ ಸೋರಿಹೋಗುತ್ತದೆ. ಮಾಹಿತಿಯನ್ನು ಓದಿ ಬೇರೆಡೆ ನಕಲಿಸಿಡದೆ ಅಂಥ ಪ್ರತಿಯನ್ನು ಕಪಾಟಿನಲ್ಲಿಟ್ಟು ಪೂಜಿಸುವವನು, ಅದು ಖಾಲಿಯಾಗುವುದನ್ನು ಕಾಯುತ್ತಿದ್ದಾನೆಂದೇ ಅರ್ಥ.

ಈ ಹವ್ಯಾಸದ ಜೀವವಿರುವುದು ದುರಸ್ತಿಯಲ್ಲಿ. ನಿಂಟೆಂಡೊ ಡಬ್ಬಿಗಳನ್ನು ಯಾರೂ ಬಿಚ್ಚದಿರಲೆಂದು ಸಾಮಾನ್ಯ ತಿರುಪುಳಿಗೆ ಮಣಿಯದ ವಿಶೇಷ ಸ್ಕ್ರೂ ಹಾಕಿದ್ದರು. ಹವ್ಯಾಸಿಗಳು ಅದಕ್ಕೊಪ್ಪುವ 3.8 ಮಿಲಿಮೀಟರಿನ ಸಾಧನವನ್ನು ಹುಡುಕಿಕೊಂಡರು. ಇಂದು ಅದು ಅಗ್ಗದ ಬೆಲೆಗೆ ಸಿಗುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಹಲ್ಲುಗಳನ್ನು ಉಜ್ಜುವುದು, ಹಳೆಯ ಬ್ಯಾಟರಿ ಕಿತ್ತು ಹೊಸದನ್ನು ಬೆಸೆಯುವುದು, ಬೆಸೆಯುವಾಗ ಹೊರಗಿನಿಂದ ಮೂರು ವೋಲ್ಟ್ ಕೊಟ್ಟು ಹಳೆಯ ಆಟಗಾರನ ದಾಖಲೆಯನ್ನು ಉಳಿಸಿಕೊಳ್ಳುವುದು, ಇವೆಲ್ಲ ಅವರು ತಮ್ಮತಮ್ಮಲ್ಲೇ ಕಲಿತು ಹಂಚಿಕೊಂಡ ವಿದ್ಯೆಗಳು. ನಾವೆಲ್ಲ ಬಾಲ್ಯದಲ್ಲಿ ಮಾಡುತ್ತಿದ್ದಂತೆ ಕಾರ್ಟ್ರಿಜ್‌ನ ಬಾಯಿಗೆ ಊದುವುದು ಮಾತ್ರ ತರವಲ್ಲ. ಉಸಿರಿನ ತೇವ ಲೋಹವನ್ನು ತಿನ್ನುತ್ತದೆ. ಊದಿದಾಗ ಆಟ ಸರಿಹೋಗುತ್ತಿದ್ದುದು ಬಹುಮಟ್ಟಿಗೆ ಅದನ್ನು ಹೊರತೆಗೆದು ಮತ್ತೆ ಸಿಕ್ಕಿಸುತ್ತಿದ್ದುದರಿಂದ.

ಇನ್ನೊಂದು ಪ್ರವೃತ್ತಿಯತ್ತ ಬರೋಣ. 2020ರ ಜುಲೈಯಲ್ಲಿ, ಹೊದಿಕೆ ಬಿಚ್ಚದ ‘ಸೂಪರ್ ಮಾರಿಯೊ ಬ್ರದರ್ಸ್’ ಪ್ರತಿಯೊಂದು 1.14 ಲಕ್ಷ ಡಾಲರಿಗೆ ಹರಾಜಾಯಿತು. 2021ರ ಏಪ್ರಿಲಿನಲ್ಲಿ ಅದೇ ಆಟದ ಇನ್ನೊಂದು ಪ್ರತಿ 6.6 ಲಕ್ಷ ಡಾಲರಿಗೆ, ಆಗಸ್ಟಿನಲ್ಲಿ ಮತ್ತೊಂದು 20 ಲಕ್ಷ ಡಾಲರಿಗೆ ಮಾರಾಟವಾಯಿತು. ಗಮನಿಸಬೇಕಾದ ಸಂಗತಿಯೆಂದರೆ, ಈ ಆಟ ಅಪರೂಪದ್ದಲ್ಲ. ಜಗತ್ತಿನಾದ್ಯಂತ ಇದರ ನಾಲ್ಕು ಕೋಟಿಗೂ ಮಿಗಿಲಾದ ಪ್ರತಿಗಳು ಮಾರಾಟವಾಗಿವೆ. ಅಪರೂಪವಾದದ್ದು ಅದನ್ನು ಸುತ್ತಿದ ಪ್ಲಾಸ್ಟಿಕ್ ಹಾಳೆ. ಹಾಳೆಯ ಸುಕ್ಕು, ಮೂಲೆಯ ಮಡಿಕೆ, ಡಬ್ಬಿಯ ಹೊಳಪುಗಳನ್ನು ಅಳೆದು ಅಂಕ ನೀಡುವ ಸಂಸ್ಥೆಗಳು ಹುಟ್ಟಿಕೊಂಡಿವೆ. ಅಂಕ ಪಡೆದ ಪ್ರತಿಯನ್ನು ಗಟ್ಟಿಯಾದ ಅಕ್ರಿಲಿಕ್ ಪೆಟ್ಟಿಗೆಯಲ್ಲಿ ಮೊಹರು ಮಾಡುತ್ತಾರೆ. ಒಳಗಿನ ಚಿಪ್ ನಡೆಯುತ್ತದೆಯೇ ಎಂದು ಯಾರೂ ನೋಡುವಂತಿಲ್ಲ. ನೋಡಿದರೆ ಬೆಲೆ ಹೋಯಿತು.

ಬೀಜಸಂಗ್ರಹದ ಕೆಲಸ ಬಲ್ಲವರಿಗೆ ಇದರ ಅಸಂಬದ್ಧತೆ ಕೂಡಲೇ ಹೊಳೆಯುತ್ತದೆ. ಬೀಜವನ್ನು ಒಣಗಿಸಿ ತಂಪಿನಲ್ಲಿಟ್ಟರೆ ಮುಗಿಯಲಿಲ್ಲ. ನಿಯತವಾಗಿ ಒಂದಿಷ್ಟನ್ನು ತೆಗೆದು ಮೊಳಕೆ ಪರೀಕ್ಷೆ ಮಾಡಬೇಕು. ಮೊಳೆಯುವ ಶಕ್ತಿ ಆರಂಭದ ಶೇಕಡಾ 85ಕ್ಕಿಂತ ಕೆಳಗಿಳಿದರೆ ಹೊಲದಲ್ಲಿ ಬಿತ್ತಿ ಹೊಸ ಬೀಜ ಪಡೆಯಬೇಕು. ಲಕೋಟೆ ಹರಿಯುತ್ತದೆಂದು ಪರೀಕ್ಷೆಯನ್ನೇ ಕೈಬಿಟ್ಟ ಬೀಜಭಂಡಾರ ಕೊನೆಗೆ ಲಕೋಟೆಗಳ ಭಂಡಾರವಾಗಿ ಉಳಿಯುತ್ತದೆ. ಆಟಕ್ಕೆ ಹೊಲವೆಂದರೆ ಆಡುವ ಕೈ.

ಬೆಲೆ ಏರಿದಾಗ ಇನ್ನೊಂದು ಅನಾಹುತವೂ ಆಗುತ್ತದೆ. ದುಬಾರಿ ಆಟಗಳ ನಕಲಿ ಕಾರ್ಟ್ರಿಜ್ ತಯಾರಿಸಲು ಯಾರಿಗೂ ಬೇಡವಾದ ಹಳೆಯ ಕ್ರೀಡಾ ಆಟಗಳ ಮೂಲ ಪ್ರತಿಗಳನ್ನು ಒಡೆದು ಅವುಗಳ ಹಲಗೆಗಳನ್ನು ಬಳಸುವುದುಂಟು. ಬೆಲೆಯಿಲ್ಲದ್ದೆಂಬ ಕಾರಣಕ್ಕೆ ಬಲಿಯಾಗುವುದು ಸಾಮಾನ್ಯ ತಳಿಗಳ ಹಣೆಬರಹ; ಇಲ್ಲಿಯೂ ಅದೇ.

ನಮ್ಮ ಕನ್ನಡ ನಾಡಿನ ಸಂಬಂಧ ಈ ಕತೆಯೊಂದಿಗೆ ಬೇರೆ ಬಗೆಯದು. ನಮ್ಮಲ್ಲಿ ಎಂಬತ್ತು-ತೊಂಬತ್ತರ ದಶಕದ ಬಾಲ್ಯ ಕಳೆದವರಲ್ಲಿ ಹೆಚ್ಚಿನವರು ನಿಂಟೆಂಡೊದ ಮೂಲ ಯಂತ್ರವನ್ನು ಕಂಡವರಲ್ಲ. 1983ರಲ್ಲಿ ಜಪಾನಿನಲ್ಲಿ ಬಂದ ‘ಫ್ಯಾಮಿಕಾಂ’ ಯಂತ್ರದ ಅಗ್ಗದ ನಕಲುಗಳು ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್ಟಿನಂಥ ಸ್ಥಳಗಳಿಂದ ತಾಲೂಕು ಕೇಂದ್ರಗಳವರೆಗೂ ಹರಡಿದ್ದವು. ನಾವು ಅದನ್ನು ‘ಟಿ.ವಿ. ಗೇಮ್’ ಎಂದೇ ಕರೆದೆವು. ಗಂಟೆಯ ಲೆಕ್ಕದಲ್ಲಿ ಹಣ ಪಡೆದು ಆಡಿಸುವ ಅಂಗಡಿಗಳಿದ್ದವು. ಹಳದಿ ಬಣ್ಣದ ಕಾರ್ಟ್ರಿಜ್‌ನ ಮೇಲೆ ಸಾವಿರಾರು ಆಟಗಳಿವೆಯೆಂದು ಬರೆದಿರುತ್ತಿತ್ತು. ಒಳಗಿರುತ್ತಿದ್ದುದು ಕೆಲವೇ ಆಟಗಳು, ಅವೇ ಮತ್ತೆ ಮತ್ತೆ ಬೇರೆ ಹೆಸರಿನಲ್ಲಿ. ಮಾರಿಯೊ, ಕಾಂಟ್ರಾ, ಬಾತುಕೋಳಿ ಹೊಡೆಯುವ ಆಟ, ಇಷ್ಟಿದ್ದರೆ ಬೇಸಿಗೆ ರಜೆ ಸಾಲುತ್ತಿರಲಿಲ್ಲ.

ಆ ನಕಲಿ ಕಾರ್ಟ್ರಿಜ್‌ಗಳನ್ನು ಬಿಚ್ಚಿದರೆ ಮೂಲದಂತೆ ಕಾಲುಗಳುಳ್ಳ ಚಿಪ್ ಕಾಣುವುದಿಲ್ಲ. ಹಲಗೆಯ ಮೇಲೆ ಕಪ್ಪು ಅಂಟಿನ ಗುಳ್ಳೆಯೊಂದು ಕುಳಿತಿರುತ್ತದೆ. ಚಿಪ್ ಇರುವುದು ಅದರಡಿಯಲ್ಲಿ. ಅಗ್ಗವಾಗಿಸಲು ಕಂಡುಕೊಂಡ ವಿಧಾನವದು. ಕೆಟ್ಟರೆ ಕಿತ್ತು ಬದಲಿಸುವಂತಿಲ್ಲ. ಮೂಲ ಕಾರ್ಟ್ರಿಜ್ ದುರಸ್ತಿಗೆ ತೆರೆದುಕೊಂಡ ವಸ್ತುವಾದರೆ, ಇದು ಹುಟ್ಟುವಾಗಲೇ ತ್ಯಾಜ್ಯವಾಗಲು ಸಿದ್ಧವಾದದ್ದು. ಆದಕಾರಣವೇ ಇವು ಬೇಗ ಅಳಿಯುತ್ತಿವೆ. ಹರಾಜಿನ ಮನೆಗಳಿಗೆ ಇವುಗಳ ಗೊಡವೆಯೂ ಇಲ್ಲ. ನಮ್ಮ ಪೀಳಿಗೆಯ ನಿಜವಾದ ನೆನಪು ಇರುವುದು ಈ ನಕಲುಗಳಲ್ಲಿ. ನಮ್ಮವರಾರಾದರೂ ಸಂಗ್ರಹಿಸುವುದಾದರೆ ಅಮೆರಿಕದಿಂದ ಹಡಗಿನಲ್ಲಿ ತರಿಸುವುದಕ್ಕಿಂತ ಮೊದಲು ಅಟ್ಟದ ಮೇಲಿನ ಹಳದಿ ಡಬ್ಬಿಗಳನ್ನು ಹುಡುಕಲಿ ಎಂಬುದು ನನ್ನ ಅಭಿಪ್ರಾಯ. ಅಂದಹಾಗೆ, ಅಮೆರಿಕದ ಕಾರ್ಟ್ರಿಜ್‌ಗೆ 72 ಹಲ್ಲುಗಳು, ಇಲ್ಲಿನ ನಕಲು ಯಂತ್ರಗಳಿಗೆ 60. ತರಿಸಿದರೂ ಅದು ನೇರವಾಗಿ ಹೊಂದುವುದಿಲ್ಲ!

ಇನ್ನು ಕಾನೂನಿನ ಮಾತು. ಅಮೆರಿಕದ ‘ವಿಡಿಯೊ ಗೇಮ್ ಹಿಸ್ಟರಿ ಫೌಂಡೇಷನ್’ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2010ಕ್ಕಿಂತ ಮೊದಲು ಆ ದೇಶದಲ್ಲಿ ಬಿಡುಗಡೆಯಾದ ಆಟಗಳಲ್ಲಿ ಶೇಕಡಾ 87ರಷ್ಟು ಈಗ ಮಾರುಕಟ್ಟೆಯಲ್ಲಿ ಲಭ್ಯವಿಲ್ಲ. ಗ್ರಂಥಾಲಯಗಳು ತಮ್ಮಲ್ಲಿರುವ ಇಂಥ ಆಟಗಳನ್ನು ದೂರದ ಸಂಶೋಧಕರಿಗೂ ಒದಗಿಸಲು ಅವಕಾಶ ಕೋರಿದಾಗ, 2024ರ ಅಕ್ಟೋಬರಿನಲ್ಲಿ ಅಲ್ಲಿನ ಕೃತಿಸ್ವಾಮ್ಯ ಕಚೇರಿ ನಿರಾಕರಿಸಿತು. ಕಂಪನಿಗಳು ತಾವೂ ಮಾರುವುದಿಲ್ಲ, ಉಳಿಸುವವರಿಗೂ ಬಿಡುವುದಿಲ್ಲ. ಅಂಥಲ್ಲಿ ಕಾರ್ಟ್ರಿಜ್‌ನಿಂದ ಮಾಹಿತಿಯನ್ನು ತೆಗೆದು ಕಾಪಿಡುವ ಹವ್ಯಾಸಿ, ಹಲವು ಸಲ ಕಾನೂನಿನ ಅಂಚಿನಲ್ಲಿ ನಿಂತೇ, ಸಂಗ್ರಹಾಲಯಗಳು ಮಾಡಬೇಕಾದ ಕೆಲಸವನ್ನು ಮಾಡುತ್ತಿದ್ದಾನೆ. ನನ್ನ ಒಲವು ಅವನ ಕಡೆಗೆ.

ಹೊಸ ಕಾರ್ಟ್ರಿಜ್‌ಗಳ ಗತಿ ಇನ್ನೂ ವಿಚಿತ್ರ. 2025ರ ಜೂನಿನಲ್ಲಿ ನಿಂಟೆಂಡೊ ಬಿಡುಗಡೆ ಮಾಡಿದ ‘ಸ್ವಿಚ್ 2’ ಯಂತ್ರಕ್ಕೆ ಬರುವ ಕೆಲವು ಆಟಗಳ ಡಬ್ಬಿಗಳಲ್ಲಿ ಆಟವೇ ಇರುವುದಿಲ್ಲ. ಅದರೊಳಗಿರುವುದು ಅಂತರ್ಜಾಲದಿಂದ ಆಟವನ್ನು ಇಳಿಸಿಕೊಳ್ಳಲು ಬೇಕಾದ ಕೀಲಿ ಮಾತ್ರ. ಇದೇ ಕಂಪನಿ ತನ್ನ ಹಿಂದಿನ ಯಂತ್ರಗಳಾದ ‘ವೀ ಯು’ ಮತ್ತು ‘3ಡಿಎಸ್’ಗಳ ಅಂತರ್ಜಾಲ ಅಂಗಡಿಯನ್ನು 2023ರ ಮಾರ್ಚಿನಲ್ಲಿ ಮುಚ್ಚಿ ಮಾರಾಟ ನಿಲ್ಲಿಸಿದೆ. ಆಟ ಒದಗಿಸುವ ಕೇಂದ್ರ ಒಂದು ದಿನ ಮುಚ್ಚಿತೆಂದರೆ ಕೈಯಲ್ಲುಳಿಯುವುದು ಪ್ಲಾಸ್ಟಿಕ್ ಚೂರು. 1976ರ ಕಾರ್ಟ್ರಿಜ್ ಯಂತ್ರವನ್ನು ಎಸೆಯದಂತೆ ಮಾಡಿತು. 2025ರದ್ದು ತಾನೇ ಖಾಲಿಯಾಗಿ ಹುಟ್ಟಿದೆ. ಮುಂದಿನ ಪೀಳಿಗೆಯವರು ತಿಪ್ಪೆ ಬಗೆದರೆ ಅವರಿಗೆ ಸಿಗುವುದು ಬೀಗವಿಲ್ಲದ ಕೀಲಿಗಳು.

2022ನೆಯ ವರ್ಷವೊಂದರಲ್ಲೇ ಜಗತ್ತಿನಲ್ಲಿ 6.2 ಕೋಟಿ ಟನ್ ವಿದ್ಯುನ್ಮಾನ ತ್ಯಾಜ್ಯ ಉಂಟಾಯಿತೆಂದೂ ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹಿಸಿ ಮರುಬಳಕೆಗೆ ಒಳಪಡಿಸಿದ್ದೆಂದು ದಾಖಲಾದದ್ದು ಶೇಕಡಾ 22.3 ಮಾತ್ರವೆಂದೂ ವಿಶ್ವಸಂಸ್ಥೆಯ ಅಂಗಸಂಸ್ಥೆಗಳ 2024ರ ವರದಿ ಹೇಳುತ್ತದೆ. ಆ ರಾಶಿಯಲ್ಲಿ ಕಾರ್ಟ್ರಿಜ್‌ಗಳ ಪಾಲು ಗಣನೆಗೆ ಬಾರದಷ್ಟು ಚಿಕ್ಕದು. ಸಂಗ್ರಾಹಕರಿಂದ ಭೂಮಿ ಉಳಿಯುತ್ತದೆಂದು ಯಾರೂ ಹೇಳಲಾರರು. ಆದರೆ ಮೂವತ್ತೈದು ವರ್ಷ ಹಳೆಯ ಉಪಕರಣವೊಂದನ್ನು ಬಿಚ್ಚಿ, ಕೆಟ್ಟದ್ದೇನೆಂದು ತಾನೇ ಕಂಡುಹಿಡಿದು, ಅದನ್ನು ಮತ್ತೆ ನಡೆಸಬಲ್ಲ ತರುಣರು ಎಷ್ಟು ಮಂದಿಯಿದ್ದಾರೆ? ಬೆಂಗಳೂರಿನ ಎಸ್.ಪಿ. ರಸ್ತೆಯ ದುರಸ್ತಿಗಾರರನ್ನು ಬಿಟ್ಟರೆ ಆ ಕೌಶಲ ಹೆಚ್ಚಾಗಿ ಉಳಿದಿರುವುದು ಇಂಥ ‘ಕೆಲಸಕ್ಕೆ ಬಾರದ’ ಹವ್ಯಾಸಗಳಲ್ಲೇ.

ಮಲೆನಾಡಿನ ಮನೆಗಳಲ್ಲಿ ಹಳೆಯ ಟಿ.ವಿ. ಗೇಮ್ ಇದ್ದವರಿಗೆ ಒಂದೆರಡು ಮಾತು. ನಮ್ಮ ಮಳೆಗಾಲದ ತೇವ ಇವುಗಳ ಪರಮಶತ್ರು. ಹಲ್ಲುಗಳ ಮೇಲೆ ಹಸಿರು ಕಿಲುಬು ಕಟ್ಟುತ್ತದೆ, ಕಾಗದದ ಚೀಟಿಗೆ ಬೂಷ್ಟು ಹಿಡಿಯುತ್ತದೆ. ಮುಚ್ಚಳ ಬಿಗಿಯಾದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ. ವರ್ಷಕ್ಕೊಮ್ಮೆ, ಬೇಸಿಗೆಯಲ್ಲಿ, ಹೊರತೆಗೆದು ಹಲ್ಲುಗಳನ್ನು ಒರೆಸಿ ಒಂದು ಆಟ ಆಡಿ. ಯಂತ್ರವನ್ನು ಬಿಸಾಡಲೇಬೇಕಾದರೆ ಗೊಬ್ಬರದ ಗುಂಡಿಗಾಗಲಿ ಒಲೆಗಾಗಲಿ ಹಾಕಬೇಡಿ, ಬೆಸುಗೆಯಲ್ಲಿ ಸೀಸವಿರುತ್ತದೆ. 2022ರ ಇ-ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ವಿಡಿಯೊ ಗೇಮ್‌ಗಳೂ ಸೇರಿರುವುದರಿಂದ ನೋಂದಾಯಿತ ಮರುಬಳಕೆದಾರರಿಗೆ ತಲುಪಿಸಬಹುದು. ಕಾರ್ಟ್ರಿಜ್‌ನಲ್ಲಿ ಬ್ಯಾಟರಿಯಿದ್ದರೆ ಬದಲಿಸಿ, ಬದಲಿಸಿದ ಇಸವಿಯನ್ನು ಡಬ್ಬಿಯ ಒಳಬದಿಯಲ್ಲಿ ಪೆನ್ಸಿಲಿನಿಂದ ಬರೆದಿಡಿ. ಮುಂದೆ ಬಿಚ್ಚುವವರಿಗೆ ಅನುಕೂಲವಾಗುತ್ತದೆ.