ಬಟನ್ ನೋಡಿ ಟೈರ್ ತಗೋಬೇಡಿ, ಪಕ್ಕೆ ನೋಡಿ

ಮಳೆಗಾಲ ಹತ್ರ ಬಂತು. ಈ ಹದಿನೈದು ದಿನದಲ್ಲಿ ನಮ್ಮ ಸುತ್ತಮುತ್ತ ಮೂರು ಜೀಪಿಗೆ ಹೊಸ ಟೈರ್ ಬಿದ್ದಿದೆ. ಮೂರೂ ಅಗಲ, ಮೂರಕ್ಕೂ ಬೆರಳು ದಪ್ಪ ಬಟನ್ನು, ನೋಡೋಕೆ ಟ್ರ್ಯಾಕ್ಟರ್ ಮರಿ ಇದ್ದಂಗಿದೆ. "ಪಕ್ಕೇಲಿ ಎಷ್ಟು ಪದರ ಇದೆ?" ಅಂತ ಮೂವರನ್ನೂ ಕೇಳಿದೆ. ಒಬ್ಬರಿಗೂ ಗೊತ್ತಿಲ್ಲ. ಎಮ್ಮೆ ತಗೊಳ್ಳೋವಾಗ ಹಲ್ಲು ನೋಡ್ತೀವಿ, ಕೆಚ್ಚಲು ಮುಟ್ಟಿ ನೋಡ್ತೀವಿ. ಅಷ್ಟು ದುಡ್ಡು ಸುರಿದು ಟೈರ್ ತರೋವಾಗ ಮಾತ್ರ ಅಂಗಡಿಯೋನು ಹೇಳಿದ್ದೇ ವೇದ.

ಸಕಲೇಶಪುರ, ಮೂಡಿಗೆರೆ ಕಡೆ ತೋಟದ ದಾರೀಲಿ ಟೈರ್ ಸಾಯೋದು ಮೊಳೆ ಚುಚ್ಚಿ ಅಲ್ಲ, ಪಕ್ಕೆ ಹರಿದು. ಕತ್ತೀಲಿ ಓರೆಯಾಗಿ ಕೊಚ್ಚಿ ಬಿಟ್ಟ ಲಂಟಾನದ ಕೂಳೆ, ಬಿದಿರಿನ ಕೂಳೆ, ಕಡಿದ ಕಾಫಿ ಗಿಡದ ಬುಡ, ಚರಂಡಿ ಅಂಚಿನ ಚೂಪು ಕಲ್ಲು. ಇವೆಲ್ಲ ತಾಗೋದು ಟೈರಿನ ಅಡಿಗಲ್ಲ, ಪಕ್ಕೆಗೆ. ಮೊಳೆ ಚುಚ್ಚಿದರೆ ಗಾಳಿ ಮೆಲ್ಲಗೆ ಹೋಗುತ್ತೆ, ಹೇಗೋ ಮನೆ ಸೇರ್ತೀರಿ, ಪಂಕ್ಚರ್ ಅಂಗಡೀಲಿ ಪ್ಯಾಚ್ ಹಾಕಿಸ್ತೀರಿ. ಪಕ್ಕೆ ಹರಿದರೆ ಪ್ಯಾಚ್ ನಿಲ್ಲೋದಿಲ್ಲ. ಓಡೋವಾಗ ಪ್ರತಿ ಸುತ್ತಿಗೂ ಆ ಜಾಗ ಮಡಚಿ ಬಿಚ್ಚುತ್ತಾ ಇರುತ್ತೆ. ಆ ಟೈರಿನ ಕತೆ ಮುಗೀತು ಅಂತಲೇ ಲೆಕ್ಕ.

ಈಗ ಒಳಗೆ ಏನಿದೆ ನೋಡಿ. ರೇಡಿಯಲ್ ಟೈರಲ್ಲಿ ಸ್ಟೀಲ್ ಬೆಲ್ಟ್ ಇರೋದು ಬಟನ್ ಕೆಳಗೆ ಮಾತ್ರ. ಪಕ್ಕೇಲಿ ಇರೋದು ಪಾಲಿಯೆಸ್ಟರ್ ದಾರದ ಪದರ, ಕಾರಿನ ಟೈರಲ್ಲಿ ಒಂದು, ಹೆಚ್ಚಂದ್ರೆ ಎರಡು. ಅಂದ್ರೆ ಕಬ್ಬಿಣ ಮಣ್ಣಿಗೆ, ದಾರ ಕೂಳೆಗೆ! ನಮ್ಮಪ್ಪನ ಕಾಲದ ಜೀಪಿಗೆ ಬರ್ತಿದ್ದ 6.00-16 ನೈಲಾನ್ ಟೈರ್ ಹಾಗಲ್ಲ. ಅದರಲ್ಲಿ ನೈಲಾನ್ ದಾರ ಒಂದರ ಮೇಲೊಂದು ಓರೆಯಾಗಿ ಹೆಣೆದು, ಅಡಿಯಿಂದ ಪಕ್ಕೆವರೆಗೂ ಅಷ್ಟೇ ಪದರ ಇರುತ್ತೆ. ಅದಕ್ಕೇ ಆ ಬಡಕಲು ಟೈರುಗಳು ಕಲ್ಲು ಮುಳ್ಳು ತುಳಿದುಕೊಂಡು ವರ್ಷಗಟ್ಟಲೆ ಬಾಳಿದ್ದು.

ಹಾಗಂತ ಎಲ್ಲರೂ ನೈಲಾನ್ ಹಾಕಿ ಅಂತ ನಾನು ಹೇಳಲ್ಲ. ಅದು ಟಾರಲ್ಲಿ ಬೇಗ ಬಿಸಿ ಆಗುತ್ತೆ, ಸ್ಟೇರಿಂಗ್ ಅಲೆದಾಡುತ್ತೆ. ತೋಟ, ಗೋದಾಮು, ಹಳ್ಳಿ ಇಷ್ಟರಲ್ಲೇ ಓಡೋ ಜೀಪಿಗೆ ಇವತ್ತಿಗೂ ಅದೇ ಸರಿ. ವಾರಕ್ಕೆರಡು ಸಲ ಹಾಸನಕ್ಕೋ ಚಿಕ್ಕಮಗಳೂರಿಗೋ ಹೋಗ್ತೀರಾ, ಹಾಗಾದ್ರೆ ಪಕ್ಕೇಲಿ ಮೂರು ಪದರ ಇರೋ ರೇಡಿಯಲ್ ಹುಡುಕಿ. ಸೈಜಿನ ಜೊತೆ ಎಲ್‌ಟಿ ಅಂತ ಇದ್ರೆ ಅದು ಲೋಡ್ ಗಾಡಿಗೆ ಮಾಡಿದ್ದು. ಭಾರ ಜಾಸ್ತಿ, ಕುಲುಕಾಟ ಜಾಸ್ತಿ, ಡೀಸೆಲ್ಲೂ ಸ್ವಲ್ಪ ಜಾಸ್ತಿ ಕುಡಿಯುತ್ತೆ. ಕುಡೀಲಿ ಬಿಡಿ.

ಪದರ ಎಷ್ಟು ಅಂತ ಟೈರಿನ ಪಕ್ಕೇಲೇ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಬರೆದಿರುತ್ತೆ, ಟ್ರೆಡ್ ಇಷ್ಟು, ಸೈಡ್‌ವಾಲ್ ಇಷ್ಟು ಅಂತ. ಟಾರ್ಚ್ ಹಾಕಿ ಓದಿ, ಬರದಿದ್ರೆ ಮಕ್ಕಳ ಹತ್ರ ಓದಿಸಿ. ಅಲ್ಲೇ 8 ಪಿಆರ್ ಅಂತ ಇರಬಹುದು. ಅಂಗಡಿಯೋನು ಅದನ್ನ ತೋರಿಸಿ "ಎಂಟು ಪದರ ಸಾರ್" ಅಂತಾನೆ. ಸುಳ್ಳು. ಅದು ಹತ್ತಿ ದಾರದ ಕಾಲದ ಅಳತೆ. ಎಂಟು ಪದರ ಹತ್ತಿ ದಾರದಷ್ಟು ತಾಕತ್ತು ಅಂತ ಅರ್ಥ, ಎಂಟು ಪದರ ಇದೆ ಅಂತಲ್ಲ. ಲೋಡ್ ನಂಬರನ್ನೂ ನೋಡಿ. 100 ಅಂದ್ರೆ ಒಂದು ಟೈರ್ 800 ಕೆಜಿ ಹೊರುತ್ತೆ, 108 ಅಂದ್ರೆ 1000 ಕೆಜಿ. ಕೊನೆಗೆ ನಾಲ್ಕಂಕಿ ತಾರೀಕು: 2319 ಅಂತಿದ್ರೆ 2019ನೇ ಇಸವಿ 23ನೇ ವಾರದ ಮಾಲು. ಗೋಡೌನಲ್ಲಿ ಒಣಗಿದ್ದನ್ನ ಹೊಸದು ಅಂತ ತಲೆಗೆ ಕಟ್ಟೋರು ನಮ್ಮ ಪೇಟೇಲೂ ಇದಾರೆ.

ಅಗಲದ ವಿಷಯಕ್ಕೆ ಬರ್ತೀನಿ, ನನಗೆ ಸಿಟ್ಟು ಬರೋದು ಇಲ್ಲೇ. ಅಗಲ ಟೈರ್ ಮರಳಿಗೆ ಒಳ್ಳೇದು, ಮೇಲೆ ತೇಲುತ್ತೆ. ನಮ್ಮದು ಮರಳೇನ್ರೀ? ಮೇಲೆ ನಾಲ್ಕು ಬೆರಳು ಕೆಸರು, ಕೆಳಗೆ ಗಟ್ಟಿ ಜಂಬಿಟ್ಟಿಗೆ. ಇಲ್ಲಿ ಸಪೂರ ಟೈರ್ ಕೆಸರನ್ನ ಸೀಳಿಕೊಂಡು ಗಟ್ಟಿ ನೆಲ ಹಿಡಿಯುತ್ತೆ, ಅಗಲದ್ದು ಕೆಸರ ಮೇಲೆ ಜಾರುತ್ತೆ. ಅದೂ ಸಾಲದು ಅಂತ ಮಡ್‌ಗಾರ್ಡಿಂದ ಎರಡಿಂಚು ಆಚೆ ಚಾಚಿಕೊಂಡಿರುತ್ತೆ. ಕೂಳೆಗೆ ಮೊದಲು ಸಿಗೋದು ಯಾವುದು? ಅದೇ ಎರಡಿಂಚು.

ಗಾಳಿ ಇಳಿಸೋದೂ ಇದೇ ಥರ. ಹುಡುಗರು ರಾಜಸ್ಥಾನದ ಮರಳಲ್ಲಿ ಓಡಿಸೋ ವಿಡಿಯೋ ನೋಡಿ 15 ಪೌಂಡಿಗೆ ಇಳಿಸ್ತಾರೆ. ಗಾಳಿ ಕಮ್ಮಿ ಆದ್ರೆ ಹಿಡಿತ ಜಾಸ್ತಿ ಆಗೋದು ನಿಜ, ಅಡಿಭಾಗ ಕಲ್ಲಿನ ಮೇಲೆ ಮೆತ್ತಗೆ ಕೂರುತ್ತೆ. ಆದ್ರೆ ಪಕ್ಕೆ ಬಸುರಿ ಹೊಟ್ಟೆ ಥರ ಹೊರಗೆ ಬರುತ್ತೆ. ಟ್ಯೂಬ್ ಇದ್ರಂತೂ ಟೈರ್ ರಿಮ್ಮಿನ ಮೇಲೆ ತಿರುಗಿ ವಾಲ್ವೇ ಕಿತ್ತು ಬರುತ್ತೆ. ನಾನು 30ರಿಂದ 24ಕ್ಕೆ ಇಳಿಸ್ತೀನಿ, ಅದೂ ಖಾಲಿ ಗಾಡಿಗೆ. ಟಾರ್ ಹತ್ತೋ ಮುಂಚೆ ಪಂಪಲ್ಲಿ ತುಂಬಿಸ್ತೀನಿ.

ಪಂಕ್ಚರೇ ಆಗಲ್ಲ ಅಂತ ಮಾರೋ ಹಸಿರು ದ್ರಾವಣ ಅಡೀಲಿ ಮೊಳೆ ತೂತಾದ್ರೆ ಮುಚ್ಚುತ್ತೆ. ಪಕ್ಕೆ ಸೀಳಿದ್ರೆ ಬಟ್ಟೆ ಮೇಲೆ ಚೆಲ್ಲುತ್ತೆ, ಅಷ್ಟೇ. ರೀಸೋಲ್ ಮಾಡಿಸಿದ್ರೆ ಬಟನ್ ಹೊಸದಾಗುತ್ತೆ, ಪಕ್ಕೆ ಅದೇ ಮುದಿ ಪಕ್ಕೆ.

ಇಷ್ಟೆಲ್ಲ ಯಾಕೆ ಬರೀತಿದೀನಿ ಅಂದ್ರೆ, ಆ ಜೀಪಲ್ಲಿ ಕೂರೋದು ಬರೀ ಮೂಟೆ ಅಲ್ಲ. ಕುಯ್ಲಿನ ಟೈಮಲ್ಲಿ ಹಿಂದುಗಡೆ ಹತ್ತು ಹನ್ನೆರಡು ಹೆಣ್ಣಾಳು ಕೂತಿರ್ತಾರೆ. ಹೋದ ಆಷಾಢದಲ್ಲಿ ಮೇಲಿನ ಊರಿಂದ ಹೆರಿಗೆ ನೋವು ಬಂದ ಹೆಣ್ಣುಮಗಳನ್ನ ಕರ್ಕೊಂಡು ಬರ್ತಿದ್ದ ಜೀಪಿನ ಮುಂದಿನ ಟೈರ್ ರಾತ್ರಿ ಹನ್ನೊಂದಕ್ಕೆ ಪಕ್ಕೆ ಹರೀತು. ಏಳು ತಿಂಗಳ ಟೈರು, ಬಟನ್ ಇನ್ನೂ ಸವೆದೇ ಇರಲಿಲ್ಲ. ಸ್ಟೆಪ್ನಿ ಬೋಳು, ಅದರಲ್ಲೂ ಗಾಳಿ ಇಲ್ಲ. ಪ್ಲಾಸ್ಟಿಕ್ ಕುರ್ಚೀಲಿ ಕೂರಿಸಿ ಟಾರ್ ರಸ್ತೆವರೆಗೂ ನಾಲ್ಕು ಜನ ಮಳೇಲಿ ಹೊತ್ತರು. ತಾಯಿ ಮಗು ಉಳಿದ್ರು. ಆಮೇಲೆ ಆ ಗಾಡಿಯೋನು ಟೈರ್ ಹೊತ್ಕೊಂಡು ಅಂಗಡಿಗೆ ಹೋದ್ರೆ, "ಕಟ್ ಆಗಿರೋದು ಗ್ಯಾರಂಟಿಗೆ ಬರಲ್ಲ, ತಯಾರಿಕೆ ದೋಷ ಇದ್ರೆ ಮಾತ್ರ" ಅಂದ. ಅದು ನಿಜವೇ. ಆದ್ರೆ ಮಾರೋವಾಗ ಈ ಮಾತು ಅವನ ಬಾಯಿಂದ ಬಂದಿರಲಿಲ್ಲ.

ಇನ್ನೊಂದು. ದುಡ್ಡು ಸಾಲದೆ ಎರಡೇ ಹೊಸದು ಹಾಕೋರು ಬೇರೆ ಸೈಜ್ ಹಾಕಬೇಡಿ. ನಮ್ಮ ಜೀಪುಗಳಲ್ಲಿ ಫೋರ್ ವೀಲ್ ಹಾಕಿದ್ರೆ ಮುಂದಿನ ಹಿಂದಿನ ಆಕ್ಸಲ್ ಒಂದಕ್ಕೊಂದು ಬೀಗ ಹಾಕಿದಂಗೆ. ಹಿಂದೆ ದೊಡ್ಡದು, ಮುಂದೆ ಚಿಕ್ಕದು ಇದ್ರೆ ಎರಡೂ ಜಗ್ಗಾಡಿ ಗೇರ್ ಬಾಕ್ಸ್ ತಿನ್ನುತ್ತೆ. ಸ್ಟೆಪ್ನಿನೂ ಅದೇ ಸೈಜಿಂದು, ಗಾಳಿ ತುಂಬಿದ್ದು ಇರಲಿ.

ತೋಟ ಕಾಂಟ್ರಾಕ್ಟ್ ಕೊಟ್ಟು ಕಳೆ ಹೊಡೆಸೋರಿಗೂ ಒಂದು ಮಾತು. ದಾರಿ ಬದಿ ಕೂಳೇನ ಈಟಿ ಥರ ಓರೆ ಬಿಡಿಸಬೇಡಿ, ನೆಲಕ್ಕೆ ಸಮ ಕಡಿಸಿ, ಇಲ್ಲ ಬುಡ ಸಮೇತ ಕೀಳಿಸಿ. ಮೇಲಿನ ಊರಿನ ದಾರೀಲಿ ಹಳ್ಳದಿಂದ ಗೇಟಿನವರೆಗೆ ನಾನೇ ಎಣಿಸಿದೀನಿ, ನಲವತ್ತೊಂದು ಇವೆ. ಭಾನುವಾರ ಬೆಳಿಗ್ಗೆ ಏಳಕ್ಕೆ ಹಳ್ಳದ ಹತ್ರ ಇರ್ತೀನಿ. ಗುದ್ದಲಿ, ಕೊಡಲಿ ಇರೋರು ತಗೊಂಡು ಬನ್ನಿ. ಹೊಸ ಟೈರ್ ಹಾಕಿಸಿದ ಆ ಮೂವರು ಜೀಪು ಕೆಳಗೇ ಬಿಟ್ಟು ನಡ್ಕೊಂಡು ಬನ್ನಿ.