ಕನ್ನಡಿಯೊಳಗಿನ ತಾರೀಖು

ಹಳೇ ಮಾನಿಟರ್, ಅದರ ಮುಂದೆ ಅರ್ಧ ಕನ್ನಡಿ ಅರ್ಧ ಗಾಜಿನಂಥ ಹಾಳೆ, ಹಿಂದೆ ಪುಟ್ಟ ರಾಸ್ಪ್‌ಬೆರಿ ಪೈ ಕಂಪ್ಯೂಟರ್, ಅದರೊಳಗೆ ಮ್ಯಾಜಿಕ್‌ಮಿರರ್ ಅನ್ನೋ ಉಚಿತ ಸಾಫ್ಟ್‌ವೇರ್. ಸ್ಮಾರ್ಟ್ ಕನ್ನಡಿ ಅಂದ್ರೆ ಇಷ್ಟೇ. ಬೆಂಗಳೂರಿನ ರೂಮಿನಲ್ಲಿ ಇದು ಬರೀ ಷೋಕಿ. ಜವಳಗೇರಾದ ನಮ್ಮ ಮನೆಯ ಪಡಸಾಲೆಗೆ ಹೋದ ಮೇಲೆ ಇದಕ್ಕೊಂದು ಜವಾಬ್ದಾರಿ ಬಂತು. ಅಪ್ಪ ತಿಂಗಳಿಗೊಮ್ಮೆ ರಾಯಚೂರಿಗೆ ಚೆಕಪ್‌ಗೆ ಹೋಗಬೇಕು, ಆ ತಾರೀಖು ತಪ್ಪಬಾರದು. ನಾನು ಇಲ್ಲಿಂದ ಗೂಗಲ್ ಕ್ಯಾಲೆಂಡರಿಗೆ ಹಾಕಿದ್ರೆ ಅಲ್ಲಿ ಗೋಡೆ ಮೇಲೆ ಕಾಣುತ್ತೆ.

ಕಂಡರೆ ಸಾಲದು, ತಿಳೀಬೇಕು. ಈ ಸಾಫ್ಟ್‌ವೇರ್ ತಾನಾಗಿ ತೋರಿಸೋದು ‘ಇನ್ನು ಮೂರು ದಿನ’ ಅನ್ನೋ ಲೆಕ್ಕ, ಅದೂ ಇಂಗ್ಲಿಷಿನಲ್ಲಿ. ಅಪ್ಪ ಫೋನಿನಲ್ಲಿ ಕೇಳಿದ್ದು ನ್ಯಾಯವಾಗೇ ಇತ್ತು: “ಮೂರು ದಿನ ಅಂದ್ರ ಇವತ್ತು ಹಿಡದೋ, ಬಿಟ್ಟೋ?”

ಹಾಗಾಗಿ ಕಾನ್ಫಿಗ್ ಫೈಲಿನಲ್ಲಿ ಕ್ಯಾಲೆಂಡರಿನ ಟೈಮ್‌ಫಾರ್ಮ್ಯಾಟನ್ನು ‘ರಿಲೇಟಿವ್’ನಿಂದ ‘ಅಬ್ಸಲ್ಯೂಟ್’ ಮಾಡಿ. ಅಷ್ಟಕ್ಕೇ ಬಿಡಬೇಡಿ. ‘ಅರ್ಜೆನ್ಸಿ’ ಅಂತ ಇನ್ನೊಂದು ಸಾಲು ಇರುತ್ತೆ, ಅದರ ಬೆಲೆ 7. ಅಂದರೆ ಕೊನೇ ಏಳು ದಿನ ಮತ್ತೆ ಅದೇ ದಿನದ ಲೆಕ್ಕ. ಅದನ್ನು 1ಕ್ಕೆ ಇಳಿಸಿ. ಡೇಟ್‌ಫಾರ್ಮ್ಯಾಟಿನಲ್ಲಿ ದೊಡ್ಡ ಡಿ ಒಂದು, ದೊಡ್ಡ ಎಂ ನಾಲ್ಕು, ಸಣ್ಣ ಡಿ ನಾಲ್ಕು ಬರೆದು, ಭಾಷೆಯ ಜಾಗದಲ್ಲಿ ಕನ್ನಡದ ಸಂಕೇತ ‘ಕೆಎನ್’ ಕೊಟ್ಟರೆ ‘೩ ಏಪ್ರಿಲ್ ಶುಕ್ರವಾರ’ ಅಂತ ಬರುತ್ತೆ. ಅಂಕಿ ಸಮೇತ ಕನ್ನಡ. ಇಡೀ ದಿನದ ಕಾರ್ಯಕ್ರಮಗಳಿಗೆ ಬೇರೆಯೇ ಫಾರ್ಮ್ಯಾಟ್ ಸಾಲು ಇದೆ, ಅಲ್ಲೂ ಇದನ್ನೇ ಬರೀರಿ.

ಅವ್ವನ ತಕರಾರು ಬೇರೆ. “ಅಮಾಸಿ ಯಾವಾಗ ಅಂತ ಹೇಳದ್ದು ಎಂಥಾ ಕ್ಯಾಲೆಂಡರಪ್ಪ?” ಎಳ್ಳಮಾಸಿಗೆ ಹೊಲಕ್ಕೆ ಚರಗ ಚೆಲ್ಲೋ ಊರಿನಲ್ಲಿ ಇದು ಸಣ್ಣ ಮಾತಲ್ಲ. ಹಬ್ಬ ಹಾಕುವಾಗ ಮಾತ್ರ ‘ಪ್ರತಿ ವರ್ಷ’ ಅಂತ ಒತ್ತಬೇಡಿ. ಯುಗಾದಿ 2025ರಲ್ಲಿ ಮಾರ್ಚ್ 30, 2026ರಲ್ಲಿ ಮಾರ್ಚ್ 19. ಶಾಬಾದಿಮಠ ಕ್ಯಾಲೆಂಡರ್ ಮುಂದಿಟ್ಟುಕೊಂಡು ವರ್ಷಕ್ಕೊಮ್ಮೆ ಕೈಯಿಂದಲೇ ತುಂಬೋದು ಲೇಸು. ಅವ್ವ ಓದ್ತಾಳೆ, ನಾನು ಟೈಪ್ ಮಾಡ್ತೀನಿ.

ನಿಜವಾದ ಅಪಾಯ ಕರೆಂಟಿನದು. ಪೈ 4 ಮತ್ತು ಅದಕ್ಕಿಂತ ಹಳೆಯವುಗಳೊಳಗೆ ಬ್ಯಾಟರಿ ಗಡಿಯಾರವಿಲ್ಲ, ಸಮಯಕ್ಕೆ ಇಂಟರ್ನೆಟ್ಟೇ ಗತಿ. ರಾತ್ರಿ ಕರೆಂಟ್ ಹೋಗಿ, ಬೆಳಿಗ್ಗೆ ಬಂದಾಗ ನೆಟ್‌ವರ್ಕ್ ಇಲ್ಲದಿದ್ದರೆ ಕನ್ನಡಿ ನಿನ್ನೆ ತಾರೀಖನ್ನೇ ಠೀವಿಯಿಂದ ತೋರಿಸುತ್ತೆ. ತಪ್ಪು ಅಂತ ಯಾವ ಗುರುತೂ ಇರೋದಿಲ್ಲ. ಚೆಕಪ್ ತಪ್ಪೋದು ಹೀಗೆ. ಇದಕ್ಕೆ ಡಿಎಸ್3231 ಅನ್ನೋ ಗಡಿಯಾರದ ಚಿಪ್ಪು ಸಿಗುತ್ತೆ, ನಾಣ್ಯದಂಥ ಸೆಲ್ ಮೇಲೆ ಓಡುತ್ತೆ. ಪೈ 5ರಲ್ಲಿ ಗಡಿಯಾರ ಒಳಗೇ ಇದೆ, ಬ್ಯಾಟರಿ ಮಾತ್ರ ಬೇರೆ ಕೊಂಡು ಜೋಡಿಸಬೇಕು. ಊರಿನ ಮನೆಗೆ ಒಯ್ಯೋರು ಗಾಜಿನ ಹಾಳೆಗಿಂತ ಮೊದಲು ಇದನ್ನ ತಗೊಳ್ಳಿ. ಹಾಕಿದ ಮೇಲೆ ವೈಫೈ ಆಫ್ ಮಾಡಿ, ಪ್ಲಗ್ ಕಿತ್ತು, ಒಂದು ತಾಸು ಬಿಟ್ಟು ಮತ್ತೆ ಹಚ್ಚಿ ನೋಡಿ.