ಚಾಕು ಅಡುಗೆಯವನದು, ಹೊಣೆ ಮಾಲಿಕನದು

ಮದುವೆ ಸೀಸನ್ ಶುರುವಾಯಿತೆಂದರೆ ನಮ್ಮ ಕ್ಯಾಟರಿಂಗ್ ಬಂಧುಗಳಿಂದ ಒಂದು ದೂರು ತಪ್ಪದೆ ಬರುತ್ತದೆ. ಅಡುಗೆ ಹುಡುಗರು ಮೆಟ್ರೊದಲ್ಲಿ ಹೊರಟಿದ್ದರು, ಚೀಲದಲ್ಲಿ ತರಕಾರಿ ಹೆಚ್ಚುವ ಚಾಕು ಸಿಕ್ಕಿತು, ಗೇಟಿನಲ್ಲೇ ನಿಲ್ಲಿಸಿದರು. ಚಾಕು ಹೋಯಿತು, ಹೊತ್ತೂ ಹೋಯಿತು. ಕುಂದಾಪುರದಿಂದ ಬಂದು ತಿಂಗಳಾಗದ ಹುಡುಗನಿಗೆ ಹಿಂದಿಯೂ ಬಾರದು, ಮರಾಠಿಯೂ ಬಾರದು. ಅವನು ತಡವರಿಸಿದಷ್ಟೂ ಎದುರಿಗಿದ್ದವರಿಗೆ ಅನುಮಾನ ಹೆಚ್ಚು. ‘ಅಡುಗೆಯವನನ್ನು ಕಳ್ಳನಂತೆ ನೋಡುತ್ತಾರೆ’ ಎಂದು ಮಾಲಿಕರಿಗೆ ಸಿಟ್ಟು.

ಸಿಟ್ಟು ಸಹಜ. ಆದರೆ ಗೇಟಿನಲ್ಲಿರುವ ಜವಾನನ ಕಡೆಯಿಂದಲೂ ಯೋಚಿಸಬೇಕು. 2001ಕ್ಕೆ ಮೊದಲು ಅಮೆರಿಕದ ವಿಮಾನಗಳಲ್ಲಿ 4 ಇಂಚಿಗಿಂತ ಚಿಕ್ಕ ಅಲಗಿನ ಚಾಕು ಒಯ್ಯಲು ಅಡ್ಡಿ ಇರಲಿಲ್ಲ. ಆ ವರ್ಷದ ಸೆಪ್ಟೆಂಬರ್ 11ರಂದು ಸಣ್ಣ ಅಲಗುಗಳಿಂದಲೇ ವಿಮಾನಗಳ ಅಪಹರಣವಾಯಿತು. 2013ರಲ್ಲಿ 6 ಸೆಂಟಿಮೀಟರಿನ ಸಣ್ಣ ಮಡಚು ಚಾಕುವನ್ನು ಮತ್ತೆ ಬಿಡುತ್ತೇವೆಂದು ಅಲ್ಲಿನ ಇಲಾಖೆ ಹೊರಟಾಗ ವಿಮಾನದ ಸಿಬ್ಬಂದಿಯೇ ವಿರೋಧಿಸಿದರು. ಮೂರು ತಿಂಗಳಲ್ಲಿ ಪ್ರಸ್ತಾಪ ಬಿದ್ದುಹೋಯಿತು. ನಮ್ಮ ಮುಂಬಯಿಯಲ್ಲಿ 2008ರ ನವೆಂಬರ್ ದಾಳಿಯ ನಂತರ ದೊಡ್ಡ ಹೋಟೆಲುಗಳ ಬಾಗಿಲಿಗೂ ಚೀಲ ತಪಾಸಣೆ ಬಂತು. ನಿಮಿಷಕ್ಕೆ ಹತ್ತಾರು ಚೀಲ ನೋಡುವವನಿಗೆ ಯಾವ ಚಾಕು ಸೌತೆಕಾಯಿಗೆ, ಯಾವುದು ಕುತ್ತಿಗೆಗೆ ಎಂದು ತಿಳಿಯುವುದಾದರೂ ಹೇಗೆ?

ಇನ್ನೊಂದು ಕಡೆ ನೋಡಿ. ವಿಮಾನದಲ್ಲಿ ಬೇಡವೆನ್ನುವ ಚಾಕು ಅಂತರಿಕ್ಷಕ್ಕೆ ಸಲೀಸಾಗಿ ಹೋಗುತ್ತದೆ! ಅಮೆರಿಕದ ಸ್ಪೇಸ್ ಷಟಲ್ ಸಿಬ್ಬಂದಿಗೆ ಸ್ವಿಸ್ ಆರ್ಮಿ ಚಾಕು ಕೊಡುತ್ತಿದ್ದರು. 1995ರ ನವೆಂಬರಿನಲ್ಲಿ ‘ಅಟ್ಲಾಂಟಿಸ್’ ನೌಕೆ ರಷ್ಯದ ಮಿರ್ ನಿಲ್ದಾಣಕ್ಕೆ ಹೋಗಿ ಸೇರಿತು. ಬಾಗಿಲನ್ನು ಪಟ್ಟಿ, ಟೇಪು ಹಾಕಿ ಎಷ್ಟು ಬಿಗಿಯಾಗಿ ಕಟ್ಟಿದ್ದರೆಂದರೆ, ಕೆನಡಾದ ಗಗನಯಾತ್ರಿ ಕ್ರಿಸ್ ಹ್ಯಾಡ್‌ಫೀಲ್ಡ್ ಆ ಚಾಕುವಿನಿಂದಲೇ ಕತ್ತರಿಸಿ ಒಳಗೆ ಹೋಗಬೇಕಾಯಿತು. ರಷ್ಯದ ಸೋಯುಜ್ ನೌಕೆಯ ತುರ್ತು ಪೆಟ್ಟಿಗೆಯಲ್ಲೂ ಕತ್ತಿ ಇಟ್ಟಿರುತ್ತಾರೆ. ಭೂಮಿಗೆ ಮರಳುವಾಗ ಕಾಡಿನಲ್ಲಿ ಇಳಿಯಬೇಕಾದೀತು ಎಂದು.

ಅಲ್ಲಿ ಯಾರಿಗೂ ಭಯವಿಲ್ಲವೇಕೆ? ಒಯ್ಯುವವನು ಯಾರು, ಯಾತಕ್ಕೆ ಒಯ್ಯುತ್ತಾನೆ, ಎಲ್ಲಿ ಇಟ್ಟಿದೆ ಎಂಬುದೆಲ್ಲ ಹೊರಡುವ ಮುಂಚೆಯೇ ಪಟ್ಟಿಯಲ್ಲಿ ಬರೆದಿರುತ್ತದೆ. ಗುರುತಿರುವವನ ಕೈಯಲ್ಲಿ ಚಾಕು ಸಲಕರಣೆ, ಗುರುತಿಲ್ಲದವನ ಕೈಯಲ್ಲಿ ಆಯುಧ. ಕೆಲವು ವಿದೇಶಿ ವಿಮಾನ ನಿಲ್ದಾಣಗಳಲ್ಲಿ ತಪಾಸಣೆ ದಾಟಿದ ಮೇಲಿರುವ ಹೋಟೆಲುಗಳ ಅಡುಗೆಮನೆಯಲ್ಲಿ ಚಾಕುವನ್ನು ಸರಪಳಿಯಿಂದ ಮೇಜಿಗೆ ಬಿಗಿದಿರುತ್ತಾರೆ. ಅಲ್ಲೂ ಅಡುಗೆ ನಡೆದೇ ಇದೆ. ನಮಗೆ ಬೇಕಾದ ಪಾಠ ಇಷ್ಟೇ.

ಕಾನೂನು ನಮ್ಮ ವಿರುದ್ಧ ಇಲ್ಲ. 1959ರ ಶಸ್ತ್ರಾಸ್ತ್ರ ಕಾಯಿದೆ ಮನೆಬಳಕೆ ಮತ್ತು ಬೇಸಾಯಕ್ಕಾಗಿಯೇ ಮಾಡಿದ ವಸ್ತುಗಳನ್ನು ಆಯುಧದ ವ್ಯಾಖ್ಯೆಯಿಂದ ಹೊರಗಿಟ್ಟಿದೆ. 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳ ನಿಯಮದಲ್ಲೂ ಮನೆಬಳಕೆ, ಕೈಗಾರಿಕೆಯ ಸಲಕರಣೆಗಳಿಗೆ ವಿನಾಯಿತಿ ಇದೆ. ಹಾಗೆಂದು ಮೆಟ್ರೊದವರು ಬಿಡಲೇಬೇಕೆಂದು ವಾದಿಸಲಾಗದು. ಅವರ ಜಾಗಕ್ಕೆ ಅವರದೇ ನಿಯಮ. ವಿಮಾನದಲ್ಲಂತೂ ಕೈಚೀಲದಲ್ಲಿ ಚಾಕು ಕೂಡದು, ಚೆಕ್-ಇನ್ ಸಾಮಾನಿನಲ್ಲಿ ಹಾಕಬಹುದು. ದೇಶದೊಳಗಿನ ವಿಮಾನಗಳಲ್ಲಿ ಸಿಖ್ ಬಾಂಧವರ ಕಿರ್ಪಾಣಕ್ಕೆ ಅಲಗು 6 ಇಂಚು, ಒಟ್ಟು ಉದ್ದ 9 ಇಂಚು ಮೀರಬಾರದೆಂಬ ಮಿತಿಯಲ್ಲಿ ಅವಕಾಶವಿದೆ. ಅದು ಧರ್ಮದ ಹಕ್ಕಿನ ಮಾತು, ನಮ್ಮ ವ್ಯಾಪಾರಕ್ಕೆ ಹೋಲಿಸುವಂತಿಲ್ಲ. ಆದರೂ ಅಳತೆ ಬರೆದಿಟ್ಟಲ್ಲಿ ಜಗಳ ಕಡಿಮೆ ಎಂಬುದನ್ನು ಗಮನಿಸಬಹುದು.

ಹಾಗಾದರೆ ನಾವು ಮಾಡಬೇಕಾದ್ದೇನು? ಮೊದಲನೆಯದಾಗಿ, ಚಾಕು, ಮೆಟ್ಟುಕತ್ತಿ, ತುರಿಮಣೆ ಯಾವುದೂ ಹುಡುಗರ ಚೀಲದಲ್ಲಿ ಹೋಗಬಾರದು. ಪಾತ್ರೆ ಸಾಗಿಸುವ ಟೆಂಪೊದಲ್ಲೇ, ಅಲಗಿಗೆ ದಪ್ಪ ಬಟ್ಟೆ ಸುತ್ತಿ, ಬೀಗದ ಪೆಟ್ಟಿಗೆಯಲ್ಲಿ ಹೋಗಲಿ. ಎರಡನೆಯದಾಗಿ, ಪೆಟ್ಟಿಗೆಯಲ್ಲಿ ಎಷ್ಟಿವೆ ಎಂಬ ಪಟ್ಟಿ ಎರಡು ಪ್ರತಿ ಇರಲಿ. ಹಾಲ್ ಅಥವಾ ಕಂಪನಿಯ ಭದ್ರತಾ ಕಚೇರಿಗೆ ಒಂದನ್ನು ಹಿಂದಿನ ದಿನವೇ ಕೊಟ್ಟುಬಿಡಿ. ಮರಳುವಾಗ ಎಣಿಸಿ ತನ್ನಿ. ಮೂರನೆಯದಾಗಿ, ಪ್ರತಿ ಕೆಲಸಗಾರನಿಗೂ ಫೋಟೊ ಇರುವ ಗುರುತಿನ ಚೀಟಿ, ಅದರಲ್ಲಿ ಮಾಲಿಕರ ಫೋನ್ ನಂಬರು ಆ ಊರಿನ ಭಾಷೆಯಲ್ಲಿ. ಇದು ಗೇಟ್ ಪಾಸ್ ಅಲ್ಲ. ಆದರೆ ಬಾಯಿ ಬಾರದ ಹುಡುಗನ ಪರವಾಗಿ ಅದು ಮಾತಾಡುತ್ತದೆ. ಕೊನೆಯದಾಗಿ, ಗೇಟಿನಲ್ಲಿ ಹೋದ ಚಾಕುವಿನ ಬೆಲೆಯನ್ನು, ತಡವಾದ ಹೊತ್ತನ್ನು ಅವನ ಸಂಬಳದಲ್ಲಿ ಮುರಿಯುವ ಪದ್ಧತಿ ಎಲ್ಲಾದರೂ ಇದ್ದರೆ ನಿಲ್ಲಬೇಕು. ಸಲಕರಣೆ ಕಳಿಸುವ ವ್ಯವಸ್ಥೆ ಮಾಲಿಕನ ಕೆಲಸ. ದಂಡ ಮಾತ್ರ ಕೆಲಸಗಾರನಿಗೆಂದರೆ ನ್ಯಾಯವಲ್ಲ.

ಆಯುಧ ಪೂಜೆಯ ದಿನ ಇದೇ ಚಾಕು, ಕತ್ತಿಗಳಿಗೆ ನಾವು ಕುಂಕುಮ ಹಚ್ಚಿ ಹೂವಿಡುತ್ತೇವೆ. ಅನ್ನ ಕೊಡುವ ಸಲಕರಣೆಗೆ ಅಷ್ಟು ಗೌರವ ಕೊಡುವವರು, ಅದನ್ನು ಹಿಡಿದು ದುಡಿಯುವ ಹುಡುಗನ ಮಾನವನ್ನೂ ಕಾಯಬೇಡವೇ? ಪಟ್ಟಿಯ ಮತ್ತು ಗುರುತಿನ ಚೀಟಿಯ ಒಂದೇ ಮಾದರಿಯನ್ನು ಸಂಘವೇ ಸಿದ್ಧಪಡಿಸಿ ಸದಸ್ಯರಿಗೆ ಹಂಚಿದರೆ ಖರ್ಚೂ ಕಡಿಮೆ, ನಂಬಿಕೆಯೂ ಹೆಚ್ಚು. ಮುಂದಿನ ಕಾರ್ಯಕಾರಿ ಸಮಿತಿ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲಿ ಎಂಬುದು ನಮ್ಮ ವಿನಂತಿ.